ಕಾಕಾನ ಬೆನ್ನು, ಚಿಗವ್ವನ ಫೋಟೋ

ನಮ್ಮ ಚಿಗವ್ವ ಅಮೃತಮ್ಮನಿಗೆ ಯಾರಾದರೂ ಒಂದು ಕೆಲಸ ಕಲಿಸಿದರೆ ಅದನ್ನು ಹೇಳಿದ ಹಾಗೆಯೇ ಮಾಡುತ್ತಾಳೆ, ಆಮೇಲೆ ತನ್ನದೊಂದು ಸೇರಿಸುತ್ತಾಳೆ. ಬೇಳೆಗೆ ಉಪ್ಪು ಹಾಕಿದ್ದೇನೆ ಎಂದು ಸಾರಿ ಹೇಳಿದರೂ ಇನ್ನೊಂದು ಚಿಟಿಕೆ ಹಾಕದೆ ಆಕೆಗೆ ಸಮಾಧಾನವಿಲ್ಲ. ಈ ಗುಣಕ್ಕೆ ನಾನು ಎಷ್ಟೋ ಸಲ ರೇಗಿದ್ದೇನೆ. ರೇಗಿದಷ್ಟೇ ಬೇಗ ಆಕೆ ಬಡಿದ ರೊಟ್ಟಿಗೆ ತಾಟು ಹಿಡಿದು ಕುಳಿತಿದ್ದೇನೆ.

ಅವರ ಮನೆ ಕಾಗಿಣಾ ಹೊಳೆಯ ದಂಡೆಯ ದಂಡೋತಿ ಊರಲ್ಲಿ. ಆಕೆಯ ಗಂಡ, ನನ್ನ ಕಾಕಾ ಅಣವೀರ, ಆಡುಗಳಿಗೆ ತೊಪ್ಪಲು ಕಡಿಯಲು ಬೇವಿನ ಮರ ಹತ್ತಿ ಬಿದ್ದ. ಸೊಂಟದಿಂದ ಕೆಳಗೆ ಶಕ್ತಿಯೇ ಹೋಯಿತು. ಮಲಗಿದಲ್ಲೇ ಮಲಗಿ ಟೊಂಕದ ಕೆಳಗೆ ಅಂಗೈಯಗಲ ಹುಣ್ಣಾಯಿತು. ಗಾಲಿಕುರ್ಚಿ ಮನೆಗೆ ಬಂದು ನಿಂತಿತ್ತು, ಆದರೆ ಹುಣ್ಣು ಮಾಯುವ ತನಕ ಕೂಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ಕಡೆ ನಿಲ್ಲದೆ ಊರೆಲ್ಲ ತಿರುಗುತ್ತಿದ್ದ ಮನುಷ್ಯನಿಗೆ ಈಗ ಉಳಿದಿದ್ದು ಒಂದೇ ಆಸೆ. ಎದ್ದು ಕೂಡಬೇಕು, ಕೂತು ಉಣ್ಣಬೇಕು.

ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವ ನರ್ಸ್ ಜೈತುನ್‌ಬೀ ತಿಂಗಳಿಗೊಮ್ಮೆ ಬರುತ್ತಿದ್ದಳು. ಸೇಡಂ, ಚಿಂಚೋಳಿ ಕಡೆಗೂ ಆಕೆಯೇ ಓಡಾಡಬೇಕು. ಅದಕ್ಕೆ ಚಿಗವ್ವನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಹುಣ್ಣಿನ ಪಕ್ಕ ಒಂದು ಚೌಕ ಚೀಟಿ ಅಂಟಿಸಿ ಫೋಟೋ ತೆಗೆಯಬೇಕು. ಚೀಟಿಯ ಅಳತೆ ಹಿಡಿದು ಹುಣ್ಣು ಎಷ್ಟು ದೊಡ್ಡದು, ಅದರಲ್ಲಿ ಕೆಂಪೆಷ್ಟು, ಕಪ್ಪೆಷ್ಟು ಎಂದು ಆ್ಯಪೇ ಲೆಕ್ಕ ಹಾಕಿ ಕಲಬುರಗಿಯ ಡಾಕ್ಟರಿಗೆ ಕಳಿಸುತ್ತದೆ.

"ಕೆಂಪಗ ಇದ್ರ ಹೊಸ ಮಾಂಸ ಬರಲಿಕತ್ತದ ಅಂತ ತಿಳೀರಿ," ಎಂದು ಜೈತುನ್‌ಬೀ ಬಿಡಿಸಿ ಹೇಳಿದಳು. "ಕರ್ರಗ ಇದ್ರ ಚರ್ಮ ಸತ್ತದ ಅಂತ."

ಚಿಗವ್ವ ಕಲಿತೇ ಬಿಟ್ಟಳು. ಹಗಲು ರಾತ್ರಿ ಕಾಕಾನನ್ನು ಮಗ್ಗಲು ಹೊರಳಿಸುವುದು, ಹುಣ್ಣು ತೊಳೆಯುವುದು, ಸೋಮವಾರ ಬಂತೆಂದರೆ ಫೋಟೋ. ಕಾಕಾ ಗೋಡೆಯ ಕಡೆ ಮುಖ ಮಾಡಿ ಗೊಣಗುತ್ತಿದ್ದ: "ಲಗ್ನದಾಗ ನನ್ನ ಮಾರಿ ಫೋಟೋ ಒಂದ್ಸಲ ತಗದಾರ. ಇಕಿ ನೋಡು, ವಾರಾ ವಾರಾ ಹಿಂಬದಿದು ತಗೀಲಿಕತ್ತಾಳ."

ಹುಣ್ಣು ಸಣ್ಣದಾಗುತ್ತ ಬಂತು. ನಾನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವನು, ರಜೆಗೆ ಹೋದಾಗಲೆಲ್ಲ ಕಾಕಾ ನನ್ನ ಕೈಯಿಂದ ಕುರ್ಚಿಯ ಗಾಲಿಗೆ ಎಣ್ಣೆ ಬಿಡಿಸುತ್ತಿದ್ದ. ಅಂಥ ಒಂದು ದಿನ ಜೈತುನ್‌ಬೀಯ ಫೋನ್ ಬಂತು. ಹುಣ್ಣಿನಲ್ಲಿ ಕಪ್ಪು ಕಾಣಿಸಿಕೊಂಡಿದೆ, ವಾರದಿಂದ ವಾರಕ್ಕೆ ಹೆಚ್ಚುತ್ತಿದೆ, ಸತ್ತ ಭಾಗ ಕೊಯ್ದು ತೆಗೆಯಬೇಕು, ನಾಳೆಯೇ ಗಾಡಿ ತರುತ್ತೇನೆ ಎಂದಳು.

ಕಾಕಾ ಊಟ ಬಿಟ್ಟ. "ಕೊಯ್ದ್ರ ಮತ್ತ ಮೊದಲಿಂದ ಶುರು. ನಾ ಇನ್ನ ಕೂಡಾಂವಲ್ಲ, ಆ ಕುರ್ಚಿ ಯಾರಿಗರ ಕೊಟ್ಟುಬಿಡ್ರಿ," ಎಂದ.

ನನಗೆ ತಲೆ ಕೆಟ್ಟಿತು. "ದಿನಾ ತೊಳೀತಿ, ಕರ್ರಗಾಗಿದ್ದು ಕಾಣಲಿಲ್ಲೇನು ಚಿಗವ್ವ?"

"ಎಲ್ಲಿ ಕರ್ರಗಾಗ್ಯಾದೋ ರಮೇಶ? ಕೂಸಿನ ತುಟಿ ಇದ್ದಂಗದ," ಎಂದಳು. ನಾನು ನಂಬಲಿಲ್ಲ.

ಮರುದಿನ ಜೈತುನ್‌ಬೀ ಬಂದವಳೇ ಪಟ್ಟಿ ಬಿಚ್ಚಿದಳು. ಹುಣ್ಣಿನ ಅಂಚಿಗೆ ಹೆಬ್ಬೆರಳಷ್ಟು ಕಪ್ಪು. ಆಕೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಳು. ಕಪ್ಪೆಲ್ಲ ಬಟ್ಟೆಗೆ ಬಂತು, ಕೆಳಗೆ ಒಳ್ಳೆಯ ಚರ್ಮ ಕಂಡಿತು.

"ಅಮೃತಮ್ಮಾ, ಇದೇನಿದು?"

ಚಿಗವ್ವ ಸೆರಗು ಎಳೆದುಕೊಂಡು, "ಕಾಡಿಗಿರಿ," ಎಂದಳು.

"ಕಾಡಿಗಿ?"

"ಮೊದಲ ಹುಣ್ಣು ಕೆಟ್ಟಿತ್ತು, ಅದಕ್ಕ ಯಾರ ಕಣ್ಣು ಹತ್ತತಾದ್ರಿ? ಮಾಯಲಿಕತ್ತ ಮ್ಯಾಲ ನನಗ ಅಂಜಿಕಿ ಬಂತು. ಫೋಟೋ ಅಲ್ಲಿ ಯಾರ್ಯಾರು ನೋಡ್ತಾರೋ ಏನೋ. ಅದಕ ದೃಷ್ಟಿ ತಾಕಬಾರದಂತ ದಿನಾ ತೊಳದ ಮ್ಯಾಲ ಬಾಜೂಕ ಒಂದು ಬೊಟ್ಟಿಟ್ಟೆ. ಭಾಳ ಛಲೋ ಆದಂಗ ಬೊಟ್ಟೂ ಜರಾ ದೊಡ್ಡದು ಮಾಡಿದೆ."

ಹುಣ್ಣು ಕಿರಿದಾದಂತೆಲ್ಲ ಬೊಟ್ಟು ಹಿರಿದಾಗಿತ್ತು. ಅಂಚಿಗೆ ಅಂಟಿದ ಬೊಟ್ಟನ್ನು ಆ್ಯಪ್ ಹುಣ್ಣಿಗೇ ಸೇರಿಸಿ ಲೆಕ್ಕ ಹಾಕಿತ್ತು. ಜೈತುನ್‌ಬೀ ಕೆಂಡವಾದಳು. "ಹುಣ್ಣಿನ ಬಾಜೂಕ ಎಣ್ಣಿ ಮಸಿ ಹಚ್ತಾರೇನಮ್ಮಾ? ಕೀವಾಗಿದ್ರ ಯಾರು ಜವಾಬು?" ಎಂದು ಬೈಯುತ್ತ ಬೈಯುತ್ತಲೇ ನಗು ತಡೆಯಲಾರದೆ ನೆಲಕ್ಕೆ ಕುಕ್ಕರಿಸಿದಳು. ಬೋರಲು ಮಲಗಿದ್ದ ಕಾಕಾ, "ನನ್ನ ಬೆನ್ನಾಗ ಏನ್ ನಡದದ, ಯಾರರ ನನಗೂ ಹೇಳ್ರಿ!" ಎಂದು ಕೂಗಿದ. ನನಗೆ ಚಿಗವ್ವನ ಮೇಲೆ ಸಿಟ್ಟೂ ಬಂತು, ಅವಳನ್ನು ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಹುಣ್ಣನ್ನು ಎಲ್ಲರೂ ಅಳೆಯುತ್ತಿದ್ದರು, ಅದು ಚೆಂದ ಕಂಡಿದ್ದು ಮಾತ್ರ ಅವಳೊಬ್ಬಳಿಗೆ.

ಹೊಸ ಫೋಟೋ ಹೋಯಿತು. ಕೊಯ್ಯುವುದು ಬೇಡ ಎಂದು ಡಾಕ್ಟರು ಹೇಳಿದರು, ಗಾಡಿ ಕಾಕಾನನ್ನು ಬಿಟ್ಟೇ ಹೊರಟಿತು. ಹತ್ತುವ ಮುಂಚೆ ಜೈತುನ್‌ಬೀ ಚಿಗವ್ವನ ಕಿವಿಯ ಹತ್ತಿರ ಬಂದು, "ನಮ್ಮ ಮನ್ಯಾಗೂ ನಜರ್ ತೆಗೀತಾರಮ್ಮಾ. ಹಚ್ಚಲೇಬೇಕಂದ್ರ ಅಂಗಾಲಿಗಿ ಹಚ್ರಿ. ಆ್ಯಪಿಗಿ ಕಾಣಂಗಿಲ್ಲ," ಎಂದಳು.

ಮಳೆಗಾಲ ಕಳೆಯುವಷ್ಟರಲ್ಲಿ ಹುಣ್ಣು ಮುಚ್ಚಿತು. ಮೊದಲಿಗೆ ಸ್ವಲ್ಪ ಹೊತ್ತು ಮಾತ್ರ ಕೂಡಬಹುದು ಎಂದರು. ನಾನೂ ಜೈತುನ್‌ಬೀಯೂ ಕಾಕಾನನ್ನು ಎತ್ತಿ ಮೆತ್ತನೆಯ ದಿಂಬು ಹಾಕಿದ ಕುರ್ಚಿಯಲ್ಲಿ ಕೂಡಿಸಿ, ಬೀಳದಂತೆ ಪಟ್ಟಿ ಬಿಗಿದೆವು. ಚಿಗವ್ವ ತೊಡೆಯ ಮೇಲೆ ತಾಟು ಇಟ್ಟಳು, ಬಿಸಿ ರೊಟ್ಟಿ, ಪುಂಡಿಪಲ್ಯ. ಆಮೇಲೆ ನೆಲಕ್ಕೆ ಕೂತು, ತಲೆ ಬಗ್ಗಿಸಿ, ಅವನ ಪಾದಗಳನ್ನು ಒಂದೊಂದಾಗಿ ಎತ್ತಿ ಕುರ್ಚಿಯ ಪಾವಟಿಗೆಯ ಮೇಲೆ ಸರಿಪಡಿಸತೊಡಗಿದಳು.

ಕಾಕಾ ರೊಟ್ಟಿ ಮುರಿಯಲಿಲ್ಲ. ಕೆಳಗೆ ಬಾಗಿದ ಅವಳ ತಲೆಯನ್ನೇ ನೋಡುತ್ತಿದ್ದ. ಮಂಚದ ಮೇಲಿಂದ ಅವನಿಗೆ ಇಷ್ಟು ದಿನ ಕಂಡದ್ದು ತನ್ನ ಮೇಲೆ ಬಾಗಿದ ಅವಳ ಮುಖವಷ್ಟೇ.

"ಅಮೃತಾ, ನಿನ್ನ ತಲಿ ಇಷ್ಟು ಬೆಳ್ಳಗ ಯಾವಾಗಾತು?"

"ಆಗ್ಯಾದ ತಗೋರಿ. ರೊಟ್ಟಿ ಆರತದ, ಉಣ್ರಿ," ಎಂದಳು ಚಿಗವ್ವ, ತಲೆ ಎತ್ತದೆ.

ಕಾಕಾ ತುತ್ತಿಗೆ ನೀಡಿದ್ದ ಕೈಯನ್ನು ತೆಗೆದು ಅವಳ ಬೈತಲೆಯ ಮೇಲಿಟ್ಟ. ಅಷ್ಟು ದಿನ ಯಾರೆದುರಿಗೂ ಕಣ್ಣೀರು ಹಾಕದ ಚಿಗವ್ವ ಅವನ ಮೊಣಕಾಲಿಗೆ ಹಣೆ ಹಚ್ಚಿ, ನಾವಿಬ್ಬರೂ ನಿಂತಿರುವಂತೆಯೇ, ಅತ್ತಳು.