ಎತ್ತಿನ ಮೇಲೆ ಬಂದ ಹಿಸ್ಟೋರಿಯನ್

ಸೃಷ್ಟಿ, ವೀರೇಶ, ನಿಮ್ಮ ಅವ್ವನ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತಿರುವ ಮನುಷ್ಯ ಈಗಲೂ ನನ್ನನ್ನು ಕಂಡರೆ ಮೊದಲು ನಮಸ್ಕಾರ ಮಾಡುತ್ತಾನೆ. ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿ, "ಎತ್ತು ಬಂದಿಲ್ಲೇನ್ರಿ ಅಮ್ಮಾರ?" ಎಂದು ಕೇಳುತ್ತಾನೆ. ನಾನು ಸೆರಗು ಮುಂದಕ್ಕೆಳೆದುಕೊಂಡು ದಾಟಿಬಿಡುತ್ತೇನೆ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಬರೆಯಲು ಕೂತರೆ ಮಾತ್ರ ಕೈ ನಿಲ್ಲುವುದಿಲ್ಲ. ಆ ಎತ್ತಿನ ಸಂಗತಿಯನ್ನು ಊರವರು ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಆ ಕಾರ್ಖಾನೆಯಲ್ಲಿ ಗೋವಿನಜೋಳವನ್ನು ನೆನೆಸಿ, ಅರೆದು, ಸೋಸಿ, ಒಣಗಿಸಿ ಬಿಳಿ ಸ್ಟಾರ್ಚ್ ಪುಡಿ ಮಾಡುತ್ತಾರೆ. ನಾವು ಸಂಡಿಗೆಗೆ ಗೋಧಿ ನೆನೆಸಿ ಹಾಲು ಹಿಂಡುವುದಿಲ್ಲವೇ, ಅದೇ ಕೆಲಸ. ನಮ್ಮದು ಬೋಗುಣಿಯಲ್ಲಿ, ಅವರದು ಗುಡಿಯ ಗೋಪುರದಷ್ಟು ಎತ್ತರದ ಟಾಕಿಗಳಲ್ಲಿ. ನಾವು ಬಿಸಿಲನ್ನು ನಂಬಿದರೆ ಅವರು ಬಿಸಿಗಾಳಿ ಊದುವ ಯಂತ್ರವನ್ನು ನಂಬುತ್ತಾರೆ. ನಿಮ್ಮ ಅವ್ವ, ನನ್ನ ಸೊಸೆ ಸುಮಂಗಲಾ, ಅಲ್ಲಿಯ ಕಂಟ್ರೋಲ್ ರೂಮಿನಲ್ಲಿ ಕೂತು, ಯಾವ ಟಾಕಿ ಎಷ್ಟು ತುಂಬಿದೆ, ಯಾವ ಗಾಳಿ ಎಷ್ಟು ಬಿಸಿಯಿದೆ ಎಂದು ಪರದೆಯ ಮೇಲೆ ನೋಡುತ್ತಾಳೆ.

ಆ ವರ್ಷ ಪುಡಿ ಆಗಾಗ ಹಸಿಯಾಗಿ ಬರತೊಡಗಿತ್ತು. ಕೊಂಡವರು ಚೀಲಗಳನ್ನು ವಾಪಸು ಕಳಿಸುತ್ತಿದ್ದರು. ಹಗಲು ಪಾಳಿಯವರು ರಾತ್ರಿ ಪಾಳಿಯವರತ್ತ ಬೊಟ್ಟು ಮಾಡಿದರು, ರಾತ್ರಿಯವರು ಹಗಲಿನವರತ್ತ ಮಾಡಿದರು, ಕಡೆಗೆ ಇಬ್ಬರೂ ಒಂದಾಗಿ ನಿಮ್ಮ ಅವ್ವನತ್ತ ಮಾಡಿದರು. ಮ್ಯಾನೇಜರ್ ಸಾಹೇಬರು ಅವಳಿಗೆ ಒಂದೇ ಮಾತು ಹೇಳಿದರಂತೆ. ಒಳ್ಳೆಯ ಹಿಸ್ಟೋರಿಯನ್ ಆರಿಸಿ ನಿಜ ಏನೆಂದು ತೋರಿಸು, ಇಲ್ಲವಾದರೆ ಕಂಟ್ರೋಲ್ ರೂಮ್ ಬೇರೆಯವರಿಗೆ, ನೀನು ಗೋಡೌನಿನಲ್ಲಿ ಚೀಲದ ಲೆಕ್ಕಕ್ಕೆ. ಆ ವಾರ ಅವಳು ಮಾಡಿದ ಸಾರಿಗೆ ಒಂದು ದಿನ ಉಪ್ಪಿರಲಿಲ್ಲ, ಮರುದಿನ ಎರಡು ದಿನದ ಉಪ್ಪಿತ್ತು.

ಒಂದು ಸಂಜೆ ಅವಳು ಜೊತೆಯವರಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಶುಕ್ರವಾರದೊಳಗ ಹಿಸ್ಟೋರಿಯನ್ ಆರಿಸಬೇಕ್ರಿ. ಹಳೇದು ಒಂದೂ ಮರೀಬಾರದು. ಕೇಳಿದ ಕೂಡ್ಲೆ ಹೇಳಬೇಕು. ಮುಖ್ಯ ಅಂದ್ರ, ಸುಳ್ಳು ಹೇಳಬಾರದು."

ಹಿಸ್ಟೋರಿಯನ್ ಎಂದರೇನು ಎಂದು, ಸೃಷ್ಟಿ, ನಾನು ನಿನ್ನನ್ನು ಕೇಳಿದೆ. ನೀನು ಪುಸ್ತಕದಿಂದ ತಲೆ ಎತ್ತದೆ "ಇತಿಹಾಸಕಾರ, ಆಯಿ" ಎಂದೆ. ಆದ್ದರಿಂದ ಮುಂದೆ ನಡೆದದ್ದರಲ್ಲಿ ನಿನ್ನ ಪಾಲೂ ಇದೆ, ನಗುವ ಮುಂಚೆ ನೆನಪಿಡು.

ನನಗೆ ಗೊತ್ತಿದ್ದ ಇತಿಹಾಸ ತಿಳವಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಗೇ ಮುಗಿದಿತ್ತು. ನಮ್ಮ ತಾಲೂಕಿನ ಊರು ಹಾನಗಲ್ಲಿನಲ್ಲಿ ಆ ಐವರು ಅಣ್ಣತಮ್ಮಂದಿರು ವನವಾಸ ಮುಗಿಸಿ ಬಂದು ವೇಷ ಮರೆಸಿಕೊಂಡು ಒಂದು ವರ್ಷ ಅಜ್ಞಾತವಾಸ ಇದ್ದರೆಂದು ಮಾಸ್ತರರು ಹೇಳುತ್ತಿದ್ದರು. ನನ್ನ ಪಕ್ಕದ ಹುಡುಗಿ, ಆ ವರ್ಷ ಅವರು ಏನೇನು ಮಾಡಿದರು ಹೇಳಿರಿ ಎಂದಳು. ಗೊತ್ತಿದ್ದರೆ ಅದೆಂಥ ಅಜ್ಞಾತವಾಸ ಎಂದು ಮಾಸ್ತರರು ಅವಳ ಕಿವಿ ಹಿಂಡಿದರು. ಪಾಪ, ಅವಳು ಕೇಳಿದ್ದು ಸರಿಯಾಗಿಯೇ ಇತ್ತು, ಅವರು ಹೇಳಿದ್ದೂ ಸರಿಯಾಗಿಯೇ ಇತ್ತು. ಕಿವಿಯೊಂದು ನಡುವೆ ಸಿಕ್ಕಿತು.

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಇಬ್ಬರು ಇತಿಹಾಸಕಾರರ ಜೊತೆ ಬಾಳಿದೆ. ನಮ್ಮ ಅತ್ತೆ ಪ್ರತಿ ಗಳಿಗೆಯನ್ನೂ ನೆನಪಿಟ್ಟವರು. ಮದುವೆಯಾಗಿ ಬಂದ ವಾರ ನಾನು ಉಕ್ಕಿಸಿದ ಹಾಲು ಅವರ ಬಾಯಲ್ಲಿ ಅವರು ಕಣ್ಣು ಮುಚ್ಚುವ ತನಕ ಉಕ್ಕುತ್ತಲೇ ಇತ್ತು. ನಿಮ್ಮ ಅಜ್ಜನದು ಬೇರೆ ರೀತಿ. ಏನಾದರೂ ಬದಲಾದರೆ ಮಾತ್ರ ಅವರಿಗೆ ಕಾಣುತ್ತಿತ್ತು. ಉಪ್ಪು ಹೆಚ್ಚಾದ ದಿನ ಮಾತಾಡುತ್ತಿದ್ದರು, ಉಳಿದ ದಿನ ಸುಮ್ಮನೆ ಉಣ್ಣುತ್ತಿದ್ದರು. ಕಾರ್ಖಾನೆಯ ಹಿಸ್ಟೋರಿಯನ್ ಕೂಡ ಹಾಗೆಯೇ, ಅಂಕಿ ಬದಲಾದರೆ ಬರೆದುಕೊಳ್ಳುತ್ತದೆ, ಇಲ್ಲವಾದರೆ ಎಲ್ಲ ಸರಿಯಿದೆ ಎಂದು ಸುಮ್ಮನಿರುತ್ತದೆ ಎಂದು ನಿಮ್ಮ ಅವ್ವ ಆಮೇಲೆ ತಿಳಿಸಿ ಹೇಳಿದಾಗ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಅವರು ಸುಮ್ಮನೆ ಉಂಡ ದಿನಗಳೆಲ್ಲ ಅಡುಗೆ ಚೆನ್ನಾಗಿತ್ತು ಎಂದಾಯಿತಲ್ಲ. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೆ?

ಇರಲಿ, ಎತ್ತಿಗೆ ಬರೋಣ. ಹಳೆಯದನ್ನು ಮರೆಯದೆ ಕೇಳಿದ ಕೂಡಲೇ ಹೇಳುವವರು ಯಾರು ಎಂದು ಯೋಚಿಸಿದರೆ ನನಗೆ ಹೊಳೆದದ್ದು ಒಬ್ಬನೇ, ಹಿರೇಕೆರೂರು ಕಡೆಯ ಹೆಳವರ ನಿಂಗಪ್ಪ. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು, ತಮ್ಮ ಹೊತ್ತಿಗೆಯಲ್ಲಿ ಬರೆದಿಟ್ಟ ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ರಾಗವಾಗಿ ಹೇಳಿ, ಕಾಳು ಪಡೆದು ಹೋಗುವುದು ಹೆಳವರ ಕೆಲಸ. ನಿಂಗಪ್ಪ ಸವಣೂರಿನ ನಮ್ಮ ಮನೆಗೆ ಪ್ರತಿ ವರ್ಷ ಬರುತ್ತಾನೆ. ನಮ್ಮ ಪುಣ್ಯಕ್ಕೋ ಪಾಪಕ್ಕೋ ಆ ವಾರವೇ ಬಂದ. ಕಟ್ಟೆಯ ಮೇಲೆ ಕುಂಡ್ರಿಸಿ ವಿಷಯ ತಿಳಿಸಿದೆ.

"ಎಷ್ಟು ಮನೆತನ ಅದಾವ್ರಿ ಅವ್ವಾರ, ಆ ಕಾರ್ಖಾನ್ಯಾಗ?" ಎಂದು ಕೇಳಿದ.

ಮನೆತನ ಇಲ್ಲ, ಟಾಕಿ, ಮೋಟಾರು, ಬಾಯ್ಲರು ಇವೆಯಂತೆ ಎಂದೆ.

ನಿಂಗಪ್ಪ ಮೀಸೆ ತಿರುವಿದ. "ಬಾಯ್ಲರಿನ ಅಪ್ಪ ಯಾರು, ಅಜ್ಜ ಯಾರು, ಅಷ್ಟು ಗೊತ್ತಾದ್ರ ಸಾಕ್ರಿ. ಉಳಿದದ್ದು ನಾ ನೋಡಕೊಂತೇನಿ."

ಅವನ ಹಿರಿಯರು ಎತ್ತಿನ ಮೇಲೆ ಬರುತ್ತಿದ್ದರು, ಅವನು ಬರುವುದು ಮೋಟಾರ್ ಸೈಕಲ್ ಮೇಲೆ. ಆದರೆ ಅಷ್ಟು ದೊಡ್ಡ ಕಾರ್ಖಾನೆಗೆ ಹಾಗೆ ಹೋದರೆ ಕೊರಿಯರ್‌ನವನು ಎಂದುಕೊಂಡಾರೆಂದು ಎಲೆತೋಟದವರ ಬಿಳಿ ಎತ್ತನ್ನು ಕೇಳಿ ತಂದ. ಎತ್ತು ಶಿಗ್ಗಾಂವಿಯ ತನಕ ನಡೆಯಲು ಒಪ್ಪಲಿಲ್ಲ. ಅದನ್ನು ಟೆಂಪೊದಲ್ಲಿ ಹತ್ತಿಸಿ, ನಿಂಗಪ್ಪ ಹಿಂದೆ ಅದರ ಕೊರಳು ಹಿಡಿದು ನಿಂತು, ನಾನು ಮುಂದೆ ಡ್ರೈವರನ ಪಕ್ಕ ಸಾಹೇಬರಿಗೆಂದು ಕಟ್ಟಿಸಿದ ಕುರುಕಲು ಖಾರದ ಪೊಟ್ಟಣ ಹಿಡಿದು ಕೂತು, ಶುಕ್ರವಾರ ಹೊರಟೆವು. ನಿಮ್ಮ ಅವ್ವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದಳು, ಆಗ ಅವಳ ಗತಿ ಏನು ಎಂಬುದು ನನ್ನ ಚಿಂತೆ.

ಗೇಟಿಗೆ ಸ್ವಲ್ಪ ದೂರದಲ್ಲಿ ಎತ್ತನ್ನು ಇಳಿಸಿ, ನಿಂಗಪ್ಪ ಅದರ ಮೇಲೆ ಹತ್ತಿ, ರುಮಾಲು ಸರಿಮಾಡಿಕೊಂಡು ಗಂಭೀರವಾಗಿ ಗೇಟಿಗೆ ಬಂದ. ಕಾವಲಿನವನು ಯಾಕೆ ಬಂದಿರಿ ಎಂದ. ಹಿಸ್ಟೋರಿಯನ್ ಕೆಲಸಕ್ಕೆ ಎಂದ ನಿಂಗಪ್ಪ. ಕಾವಲಿನವನು ಕಾಯಿದೆಯ ಮನುಷ್ಯ. ಬಂದವರ ಹೆಸರು ಬರೆದುಕೊಂಡು, ಗಾಡಿಯ ನಂಬರಿನ ಜಾಗದಲ್ಲಿ 'ಎತ್ತು, ಬಿಳಿ' ಎಂದು ಬರೆದು, ಒಳಗೆ ಫೋನ್ ಮಾಡಿದ.

ಒಳಗೆ ಆಗ ಎರಡು ಕಂಪನಿಯವರು ತಮ್ಮ ತಮ್ಮ ಹಿಸ್ಟೋರಿಯನ್ ತೋರಿಸುತ್ತಿದ್ದರಂತೆ. ಅದು ಮನುಷ್ಯನಲ್ಲ, ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್, ಯಂತ್ರಗಳು ಹೊತ್ತುಹೊತ್ತಿಗೆ ಹೇಳುವ ಅಂಕಿಗಳನ್ನೆಲ್ಲ ಕೂಡಿಟ್ಟು ಕೇಳಿದಾಗ ಗೆರೆ ಎಳೆದು ತೋರಿಸುವಂಥದ್ದು ಎಂದು ನನಗೆ ತಿಳಿದದ್ದು ಆ ಕೋಣೆಗೆ ಕಾಲಿಟ್ಟ ಮೇಲೆ. ಮ್ಯಾನೇಜರ್ ಸಾಹೇಬರು ಗುಜರಾತಿನ ಕಡೆಯವರು, ನಗುವ ಸ್ವಭಾವದವರು. ಎತ್ತಿನ ಮೇಲಿನ ಹಿಸ್ಟೋರಿಯನ್ ಯಾರು ನೋಡೋಣ ಎಂದು ಒಳಗೆ ಕರೆಸಿಬಿಟ್ಟಿದ್ದರು. ನನ್ನನ್ನು ನೋಡಿ ನಿಮ್ಮ ಅವ್ವನ ಮುಖ ಬಿಳಿ ಸ್ಟಾರ್ಚ್ ಆಯಿತು. ನಾನು ಮೂಲೆಯ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡಿದೆ. ಎತ್ತು ಹೊರಗೆ ಗೋವಿನಜೋಳದ ರಾಶಿಯ ಗುಣಮಟ್ಟ ಪರೀಕ್ಷಿಸುತ್ತಿತ್ತು.

ಗೋಡೆಯ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಎರಡೂ ಒಣಗಿಸುವ ಯಂತ್ರದ ಅದೇ ವಾರದ ಬಿಸಿ. ಒಂದು ಕಂಪನಿಯ ನೀಲಿ ಅಂಗಿಯವರ ಗೆರೆ ಎಲೆಬಳ್ಳಿಯ ಹಾಗೆ ಮೊದಲಿನಿಂದ ಕೊನೆಯ ತನಕ ನುಣ್ಣಗೆ ಹಬ್ಬಿತ್ತು. ಇನ್ನೊಂದು ಕಂಪನಿಯ ದಪ್ಪ ಕನ್ನಡಕದವರ ಗೆರೆ ಅಲ್ಲಲ್ಲಿ ತಗ್ಗು ಬಿದ್ದು, ಒಂದು ಕಡೆ ಹರಿದೇ ಹೋಗಿತ್ತು. ಸಾಹೇಬರ ಕಣ್ಣು ಬಳ್ಳಿಯ ಮೇಲಿತ್ತು. ನನ್ನದೂ ಅಷ್ಟೆ.

ಸಾಹೇಬರು ನಿಂಗಪ್ಪನಿಗೆ, ನಮ್ಮ ಖಾನದಾನದ ಇತಿಹಾಸ ಹೇಳು ನೋಡೋಣ ಎಂದರು. ನಿಂಗಪ್ಪ ಕಣ್ಣು ಮುಚ್ಚಿದ, ಕೆಮ್ಮಿದ, ಶುರು ಮಾಡಿದ. ಸಾಹೇಬರ ಮೂಲಪುರುಷ ಪಡುವಣದಿಂದ ಕುದುರೆಯ ಮೇಲೆ ಸವಣೂರಿಗೆ ಬಂದ, ಬಾವಿ ತೋಡಿಸಿದ, ಎಲೆತೋಟ ಹಚ್ಚಿಸಿದ, ಅವನ ಮಗ ಹುಲಿಯ ಕೂಡ ಕುಸ್ತಿ ಹಿಡಿದ. ಎಲ್ಲಿಯೂ ತಡೆಯಿಲ್ಲ, ನೀರು ಹರಿದ ಹಾಗೆ. ಸಾಹೇಬರು ಹಿಗ್ಗಿ, ಇದೆಲ್ಲ ನಿನ್ನ ಕಂಕುಳಲ್ಲಿರುವ ಹೊತ್ತಿಗೆಯಲ್ಲಿ ಬರೆದಿದೆಯೇ ಎಂದು ಕೇಳಿದರು.

"ಹೊತ್ತಿಗ್ಯಾಗ ಇಲ್ಲರಿ ಸಾಹೇಬ್ರ," ಎಂದ ನಿಂಗಪ್ಪ. "ಅದರಾಗ ಗೊತ್ತಿದ್ದಷ್ಟ ಬರೀತೇವಿ, ಗೊತ್ತಿಲ್ಲದ್ದಕ್ಕ ಜಾಗಾ ಬಿಡ್ತೇವಿ. ಇದು ಬರೇ ಬಾಯಿಲೆ ಹೇಳಿದ್ದು. ದೊಡ್ಡಾವ್ರು ಕೇಳಿದ್ರಿ, ಬರಿಗೈಲೆ ಹೆಂಗ ಕಳಸೂದು?"

ಕೋಣೆಯೆಲ್ಲ ನಕ್ಕಿತು. ನಗು ಇನ್ನೂ ಇಳಿಯುತ್ತಿರುವಾಗಲೇ ನಿಮ್ಮ ಅವ್ವ ಎದ್ದು ನಿಂತಳು. ಬೆಳಗಿನಿಂದ ಮನಸ್ಸಿನಲ್ಲೇ ಇದ್ದು, ಸಾಹೇಬರ ಕಣ್ಣು ನೋಡಿ ಬಾಯಿಗೆ ಬರದಿದ್ದ ಮಾತು ಆಗ ಬಂತಂತೆ. "ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಗಿ ಮೀಟರ್ ಎಲ್ಲಾ ಬಂದ್ ಆಗಿದ್ವು. ನಿಮ್ಮ ಗೆರಿ ಹೆಂಗ ಬಂತ್ರಿ ಆ ಹೊತ್ತಿನ್ಯಾಗ?" ಎಂದು ನೀಲಿ ಅಂಗಿಯವರನ್ನು ಕೇಳಿದಳು.

ಎರಡು ತುದಿ ಜೋಡಿಸಿ ನಡುವಿನದನ್ನು ಅದು ತಾನೇ ತುಂಬಿಕೊಳ್ಳುತ್ತದೆ, ಸಣ್ಣಪುಟ್ಟ ತಗ್ಗುಗಳನ್ನೂ ಸವರಿ ಸಮ ಮಾಡುತ್ತದೆ, ನೋಡಲು ಚಂದ ಎಂದರು ಅವರು. ಹಾಗಾದರೆ ಮೀಟರ್ ಹೇಳಿದ್ದು ಯಾವುದು, ತುಂಬಿದ್ದು ಯಾವುದು ಎಂದು ಬೇರೆ ಮಾಡಿ ತೋರಿಸಿರಿ ಎಂದಳು. ಅದು ಆಗುವುದಿಲ್ಲವಂತೆ, ಕೂಡಿಟ್ಟದ್ದೇ ಹಾಗೆ. ಸಾಹೇಬರು ಕನ್ನಡಕದವರ ಹರಿದ ಗೆರೆ ತೋರಿಸಿ, ಮತ್ತೆ ಇದೇನು ತೂತು ಎಂದರು. ಅವರು ಬಾಯಿ ತೆರೆಯುವ ಮೊದಲೇ ನಿಮ್ಮ ಅವ್ವ, "ಅದು ಅಜ್ಞಾತವಾಸ ಸರ್. ಆಗ ಏನಾತು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೂ ಹಿಸ್ಟೋರಿಯನ್ನ ನನಗ ಬೇಕು," ಎಂದಳು. ಗುಜರಾತಿನವರಿಗೂ ಅಜ್ಞಾತವಾಸ ಗೊತ್ತಿತ್ತು. ಕನ್ನಡಕದವರಿಗೆ ಕೆಲಸ ಸಿಕ್ಕಿತು. ನಿಂಗಪ್ಪನಿಗೆ ಒಂದು ಚೀಲ ಗೋವಿನಜೋಳ ಸಿಕ್ಕಿತು, ಎತ್ತಿಗೆ ಅದರ ಪಾಲು ಆಗಲೇ ಸಿಕ್ಕಿತ್ತು.

ಹೊಸ ಹಿಸ್ಟೋರಿಯನ್ ಬಂದು ಕೂತ ಮೇಲೆ ಹಸಿ ಪುಡಿಯ ಗುಟ್ಟು ಒಡೆಯಿತು. ಗೆರೆಯಲ್ಲಿದ್ದ ಸಣ್ಣ ತಗ್ಗುಗಳು ಎರಡೂ ಪಾಳಿಯಲ್ಲಿ ಸರಿಯಾಗಿ ಊಟದ ಹೊತ್ತಿಗೇ ಬೀಳುತ್ತಿದ್ದವು. ಒಂದು ಮಧ್ಯಾಹ್ನ ನಿಮ್ಮ ಅವ್ವ ಮೆಲ್ಲಗೆ ಹೋಗಿ ನೋಡಿದರೆ, ಹುಡುಗರು ಒಣಗಿಸುವ ಯಂತ್ರದ ಪಕ್ಕದ ಬಾಗಿಲು ತೆರೆದು, ಅದರ ಬಿಸಿ ಹೊರಗೆ ಬಿಟ್ಟು, ಬಿಸಿಗಾಳಿಯ ಬಾಯಿಗೆ ಡಬ್ಬಿಗಳನ್ನು ಸಾಲಾಗಿ ಇಟ್ಟು ರೊಟ್ಟಿ ಬಿಸಿ ಮಾಡಿಕೊಳ್ಳುತ್ತಿದ್ದರು. ಹಗಲಿನವರೂ ಹೀಗೆಯೇ, ರಾತ್ರಿಯವರೂ ಹೀಗೆಯೇ. ಇಬ್ಬರಿಗೂ ಇನ್ನೊಬ್ಬರ ಸುದ್ದಿ ಗೊತ್ತಿರಲಿಲ್ಲ.

ಸಾಲಿನ ಮೊದಲ ಡಬ್ಬಿ ಅವಳದೇ. ಮೇಡಂ ಅವರದು ತಣ್ಣಗಿರಬಾರದೆಂದು ಹುಡುಗರು ಪ್ರೀತಿಯಿಂದ ಎಲ್ಲಕ್ಕಿಂತ ಮುಂದೆ ಇಡುತ್ತಿದ್ದರಂತೆ. ಮತ್ತೆ ಅವಳು ಎಷ್ಟೋ ತಿಂಗಳಿಂದ ಸಂಜೆ ಮನೆಗೆ ಬಂದು, "ನಿಮ್ಮ ಕೈಯಾಗ ಏನೈತ್ರಿ ಅತ್ತ್ಯಾರ, ಮಧ್ಯಾಹ್ನದ ತನಕ ರೊಟ್ಟಿ ಬಿಸಿ ಇರ್ತಾವ," ಎಂದು ನನ್ನನ್ನು ಹೊಗಳುತ್ತಿದ್ದಳು. ನಾನೂ ಹೌದೆಂದೇ ನಂಬಿದ್ದೆ.

ಅವಳು ತನ್ನ ಡಬ್ಬಿಯನ್ನೂ ಬಿಡದೆ ಸಾಹೇಬರಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಸಾಹೇಬರು ಬಹಳ ಹೊತ್ತು ನಕ್ಕರಂತೆ. ಈಗ ಊಟದ ಕೋಣೆಯಲ್ಲಿ ಡಬ್ಬಿ ಬಿಸಿ ಮಾಡಲು ಒಂದು ಪೆಟ್ಟಿಗೆ ಇದೆ, ಪುಡಿ ಒಣಗಿ ಬರುತ್ತದೆ, ಕಂಟ್ರೋಲ್ ರೂಮಿನ ಕುರ್ಚಿ ನಿಮ್ಮ ಅವ್ವನದೇ ಆಗಿದೆ. ನಿಜವಾದ ಇತಿಹಾಸದ ತೊಂದರೆಯೇ ಇದು ಮಕ್ಕಳೇ. ತಪ್ಪು ಯಾರದೆಂದು ಹುಡುಕುತ್ತ ಹೋದರೆ ಕಡೆಗೆ ನಮ್ಮ ಮನೆಯ ರೊಟ್ಟಿ ಸಿಗುತ್ತದೆ. ಸಿಕ್ಕಿತೆಂದು ಹೇಳುವ ಧೈರ್ಯ ಇದ್ದವರು ಮಾತ್ರ ಅಂಥ ಹಿಸ್ಟೋರಿಯನ್ನನ್ನು ಆರಿಸಬೇಕು.

ಈ ಹಾಳೆಗಳನ್ನು ಬೇವಿನ ಎಲೆ ಹಾಕಿ ಟ್ರಂಕಿನಲ್ಲಿಡಿ, ನುಸಿ ಹತ್ತಗೊಡಬೇಡಿ. ನಿಂಗಪ್ಪ ಮುಂದಿನ ಸುಗ್ಗಿಗೆ ಬಂದಾಗ ನಮ್ಮ ಮನೆತನದ ಸಾಲಿಗೆ ಇದನ್ನೂ ಸೇರಿಸುತ್ತೇನೆಂದು ಹೇಳಿ ಹೋಗಿದ್ದಾನೆ. ನೀವು ನಿಮ್ಮ ಮಕ್ಕಳನ್ನು ಮಡಿಲಲ್ಲಿ ಕುಂಡ್ರಿಸಿಕೊಂಡು ಅವನ ಮಕ್ಕಳ ಬಾಯಿಂದ ಕೇಳುವ ಹೊತ್ತಿಗೆ, ಬಾಯಿಂದ ಬಾಯಿಗೆ ಬೆಳೆದ ಕಥೆಯಲ್ಲಿ, ಆ ಎತ್ತಿನ ಮೇಲೆ ಕೂತು ಗೇಟು ಹಾರಿದವಳು ನಾನೇ ಆಗಿರುತ್ತೇನೆ. ಆಗ ಟ್ರಂಕು ತೆಗೆದು, ನಾನು ಟೆಂಪೊದಲ್ಲಿ ಹೋಗಿದ್ದೆ ಎಂಬುದನ್ನು ಒಮ್ಮೆ ಓದಿ ನೋಡಿಕೊಳ್ಳಿ. ನೋಡಿಕೊಂಡು, ಬಂದವನಿಗೆ ಏನೂ ಹೇಳದೆ, ಕಾಳು ಮಾತ್ರ ತುಂಬ ಹಾಕಿ ಕಳಿಸಿ.