ಫ್ರೆಂಚ್ ಬೀರುವಿಗೆ ಆಯುಧಪೂಜೆ

ಹದಿನೆಂಟನೆಯ ಶತಮಾನದ ಫ್ರೆಂಚ್ ವೈಭವದೊಳಗೆ ನನ್ನ ಬನಿಯನ್ನುಗಳು ಒಂದು ವರ್ಷ ವಾಸವಾಗಿದ್ದವು ಎಂಬುದನ್ನು, ಓದುಗ ಮಿತ್ರರೇ, ಯಾವ ಗರ್ವವೂ ಇಲ್ಲದೆ ನಿವೇದಿಸುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳು. ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ನಮ್ಮ ಮನೆ. ಪಕ್ಕದ ಮನೆಯ ಮಾರ್ಗರೆಟ್ ಎಂಬ ವೃದ್ಧೆ ಮಗಳ ಬಾಣಂತನಕ್ಕೆಂದು ಪರ್ತ್‌ಗೆ ಹೊರಟವರು, ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಮೂರು ಡ್ರಾಯರುಗಳ ಗಿಡ್ಡ ಫ್ರೆಂಚ್ ಬೀರುವೊಂದನ್ನು ಖಾಲಿ ಮನೆಯಲ್ಲಿ ಬಿಡಲು ಮನಸ್ಸಾಗದೆ, ಮನೆಯ ಬೀಗದಕೈಯ ಜೊತೆಗೆ ನಮ್ಮಲ್ಲಿ ಇರಿಸಿಹೋದರು. ಉಬ್ಬಿದ ಹೊಟ್ಟೆ, ಬಾಗಿದ ಕಾಲು, ಮಾಸಿದ ಹಿತ್ತಾಳೆಯ ಹಿಡಿಗಳು, ತಲೆಯ ಮೇಲೆ ಬಿಳಿ ಅಮೃತಶಿಲೆ: ಭೋಜನ ಮುಗಿಸಿ ನಿಂತ ದಿವಾನರ ಠೀವಿ.

“ಡಾಕ್ಟರ್, ಒಂದು ಗೀರೂ ಬೀಳಬಾರದು” ಎಂದರು. ದಿನಾ ಜನರ ಹೊಟ್ಟೆ ಕೊಯ್ಯುವ ನಾನು ಗೀರು ಬೀಳಿಸುವುದಿಲ್ಲವೆಂದು ಮಾತು ಕೊಟ್ಟೆ.

ಸಮತಟ್ಟಾದ ಜಾಗ ಕಂಡರೆ ಅಲ್ಲಿ ದೇವರನ್ನೋ ಡಬ್ಬಿಯನ್ನೋ ಇಡದೆ ನಮ್ಮವರಿಗೆ ಸಮಾಧಾನವಿಲ್ಲ. ನನ್ನ ಹೆಂಡತಿ ಶಾರದೆ ವಾರದೊಳಗೆ ಅಮೃತಶಿಲೆಯ ಮೇಲೆ ದೇವರನ್ನು ಕೂರಿಸಿದಳು, ಡ್ರಾಯರುಗಳಲ್ಲಿ ನಮ್ಮ ಬಟ್ಟೆ ತುಂಬಿದಳು. ಆಯುಧಪೂಜೆಯ ದಿನ ಕಾರು, ಕುಕ್ಕರು, ನನ್ನ ಸ್ಟೆತಸ್ಕೋಪಿನ ಸಾಲಿಗೆ ಬೀರುವೂ ಸೇರಿತು.

“ಪೂಜೆ ಮಾಡೋಕೆ ಅದೇನು ನಮ್ದಾ?” ಎಂದೆ.

“ನಿಮ್ಮ ಬನಿಯನ್ ಹೊರ್ತಿರೋದು ಯಾರ್ರೀ ಮತ್ತೆ?”

ನಾನು ಬೀರುವಿಗೂ ಒಂದು ಹೂ ತಂದುಕೊಟ್ಟೆ. ಅಷ್ಟೇ ಅಲ್ಲ, ಪೂಜೆಗೆ ಮುನ್ನ ಆಕೆ ಹಿಡಿಗಳನ್ನೆಲ್ಲ ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಸ ಚೊಂಬಿನಂತೆ ಬೆಳಗಿದ್ದಳು. ಆ ಮಾಸಲು ಬಣ್ಣವೇ ಬೀರುವಿನ ವಯಸ್ಸಿನ ಪ್ರಮಾಣಪತ್ರವೆಂದು ಆಸ್ಪತ್ರೆಯ ಹಿರಿಯ ಸಹೋದ್ಯೋಗಿಯೊಬ್ಬರು ಆಮೇಲೆ ತಿಳಿಸಿದರು. ಎರಡು ಶತಮಾನಗಳ ಮುಪ್ಪನ್ನು ನನ್ನ ಹೆಂಡತಿ ಹತ್ತು ನಿಮಿಷದಲ್ಲಿ ವಾಸಿ ಮಾಡಿದ್ದಳು. ಇಂಥ ಚಿಕಿತ್ಸೆ ನನ್ನಿಂದ ಇಂದಿಗೂ ಸಾಧ್ಯವಾಗಿಲ್ಲ.

ಜನವರಿಯಲ್ಲಿ ಮಾರ್ಗರೆಟ್ ಬರುವ ಸುದ್ದಿ ಬಂತು. ದೇವರನ್ನು ಅಡುಗೆಮನೆಗೆ ಸಾಗಿಸಿ, ಅಮೃತಶಿಲೆಯನ್ನು ಎತ್ತಿ ಹಿತ್ತಲಿನ ಬಿಸಿಲಿಗೆ ಮಲಗಿಸಿದೆವು. ಅರಿಸಿನದ ಕಲೆ ಬಿಸಿಲಿಗೆ ಶರಣಾಯಿತು. ದೀಪದೆಣ್ಣೆಯ ಉಂಗುರ ಮಾತ್ರ ಕಲ್ಲಿನೊಳಗೇ ಮನೆ ಮಾಡಿತ್ತು. ಒಂದೇ ಮಾತು ಕೊಟ್ಟಿದ್ದೆ, ಅದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಪರದೇಶದಲ್ಲಿ ನಮ್ಮನ್ನು ನಂಬಿ ಮನೆಯ ಬೀಗದಕೈ ಕೊಟ್ಟಿದ್ದ ಏಕೈಕ ಜೀವ ಅದು. ವಸ್ತುಗಳು ಮುಕ್ಕಾದರೆ ಅಂಟಿಸಬಹುದು, ನೆರೆಹೊರೆಗೆ ಅಂಥ ಗೋಂದು ಸಿಗುವುದಿಲ್ಲ.

ಬಂದವರು ಬೀರುವಿನ ಸುತ್ತ ಒಂದು ಸುತ್ತು ಹಾಕಿದರು. ನಾನು ಆಪರೇಷನ್ ಕೆಟ್ಟುಹೋದ ದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ.

“ಗೊತ್ತು ಡಾಕ್ಟರ್” ಎನ್ನುತ್ತ ಮಾರ್ಗರೆಟ್ ಕೈಚೀಲದಿಂದ ಫೋಟೋ ಒಂದನ್ನು ತೆಗೆದರು. ಹೂವಿಟ್ಟುಕೊಂಡು, ಕುಂಕುಮ ಹಚ್ಚಿಕೊಂಡು ಮದುವಣಗಿತ್ತಿಯಂತೆ ನಿಂತ ಬೀರು. ಶಾರದೆ ನನಗೆ ತಿಳಿಸದೆ ಅದನ್ನು ಕೋಡುಬಳೆಯ ಡಬ್ಬಿಯೊಂದಿಗೆ ಪರ್ತ್‌ಗೆ ಕಳಿಸಿದ್ದಳು.

“ಇದನ್ನು ನೋಡಿ ನನ್ನ ಮಗಳು, ಹಾಳುಮಾಡಿಬಿಟ್ರು ಅಂದಳು. ನಾನು ಅವಳಿಗೆ ಹೇಳಿದೆ, ಕೆಳಗಿನ ಡ್ರಾಯರ್ ಸಿಕ್ಕಿಕೊಂಡಾಗಲೆಲ್ಲ ನಿಮ್ಮಪ್ಪ ಒದೀತಿದ್ದರು. ಇದಕ್ಕೆ ಹೂ ಇಟ್ಟವರು ಇವರೇ ಮೊದಲು ಅಂತ.”

“ಹಾಗಾದ್ರೆ ಬೇಜಾರಿಲ್ವಾ ಆಂಟಿ?” ಶಾರದೆ ಸೆರಗಿನಿಂದ ಎಣ್ಣೆಯ ಉಂಗುರವನ್ನು ಮತ್ತೊಮ್ಮೆ ಒರೆಸುತ್ತ ಕೇಳಿದಳು.

“ಇದೆ. ನನ್ನ ವಾಷಿಂಗ್ ಮೆಷಿನ್ನಿಗೆ ಯಾಕೆ ಪೂಜೆ ಮಾಡಲಿಲ್ಲ?”

ಮುಂದಿನ ನವರಾತ್ರಿಯಲ್ಲಿ ಅವರ ಮನೆಗೇ ಹೋಗಿ ಬೀರುವಿಗೂ ಮೆಷಿನ್ನಿಗೂ ಶಾಸ್ತ್ರೋಕ್ತವಾಗಿ ಪೂಜೆ ಮಾಡಿದೆವು. ಬೀರು ಗಂಭೀರವಾಗಿ ಸ್ವೀಕರಿಸಿತು. ಮೆಷಿನ್ ನಾಸ್ತಿಕ, ಅದಕ್ಕೆ ಮೆಕ್ಯಾನಿಕ್ಕೇ ಬರಬೇಕಾಯಿತು.