ಬಿಳಿಗಾರದ ನೀರು ಕುಡಿದ ತಂಬು

ಮುದಕಪ್ಪ ಗುರುಬಸವ್ವನನ್ನು ಮೊದಲು ಕಂಡದ್ದು ಬೈಲಹೊಂಗಲದ ಪೇಟೆಯಲ್ಲಿ, 1907ರ ದೀಪಾವಳಿ ಮುಗಿದ ವಾರ. ಅವನು ಒಂದು ನಾಟಕ ಕಂಪನಿಯ ತಂಬು ನೋಡಿಕೊಳ್ಳುವ ಆಳು. ರಾಮದುರ್ಗದಲ್ಲಿ ದೀಪದ ಕಿಡಿ ಸಿಡಿದು ತಂಬಿನ ಒಂದು ಮಗ್ಗುಲು ಸುಟ್ಟಿತ್ತು, ನಾಟಕ ನೋಡಲು ಬಂದ ಹೆಂಗಸೊಬ್ಬಳ ಕೈ ಬೆಂದಿತ್ತು. ಹೊಲಿಯಲು ದಬ್ಬಣ, ಹುರಿ ಬೇಕೆಂದು ಸುಟ್ಟ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗುರುಬಸವ್ವನ ಅಂಗಡಿಯ ಮುಂದೆ ನಿಂತಿದ್ದ. ಐವತ್ತರ ಆಸುಪಾಸಿನ, ಹಣೆಗೆ ವಿಭೂತಿ ಹಚ್ಚಿದ ಆ ಹೆಂಗಸು ಪತ್ತಾರನೊಬ್ಬನಿಗೆ ಚಿನ್ನ ಬೆಸೆಯುವ ಬಿಳಿಗಾರದ ಪುಡಿ ತೂಗಿ ಕೊಡುತ್ತಿದ್ದಳು. ತಕ್ಕಡಿ ಕೆಳಗಿಟ್ಟು ಅವಳು ನೋಡಿದ್ದು ಅವನ ಹೆಗಲ ಮೇಲಿನ ಬಟ್ಟೆಯನ್ನು.

"ಹೊಲದು ಏನ್ ಮಾಡ್ತಿ ತಮ್ಮಾ? ಮತ್ತ ಸುಡಾಕ?"

ಗಂಡ ತೀರಿಕೊಂಡ ಮೇಲೆ ಅಂಗಡಿ ಅವಳೇ ನಡೆಸುತ್ತಿದ್ದಳು. ದಬ್ಬಣ, ಹುರಿಯಂಥ ಚಿಲ್ಲರೆ ಸಾಮಾನಿನ ಜೊತೆಗೆ ಬೆಸುಗೆ ಹಾಕುವವರಿಗೆ ಬಿಳಿಗಾರ, ಕಲಾಯಿ ಮಾಡುವವರಿಗೆ ನವಸಾಗರ. ಒಂದು ಮಳೆಗಾಲ ಮನೆ ಸೋರಿ ಬಿಳಿಗಾರದ ಚೀಲ ತೊಯ್ದು ಒಣಗಿತ್ತು. ಆ ಖಾಲಿ ಚೀಲವನ್ನು ಒಲೆಗೆ ಹಾಕಿದರೆ ಕರ್ರಗಾಯಿತೇ ಹೊರತು ಉರಿ ಹಿಡಿಯಲಿಲ್ಲ. ಅಂದಿನಿಂದ ಹಳೆ ಸೀರೆಯ ಚಿಂದಿಗಳನ್ನು ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿ, ಒಣಗಿಸಿ, ದೀಪಕ್ಕೆ ಹಿಡಿದು ನೋಡತೊಡಗಿದಳು. ಬರೀ ಬಿಳಿಗಾರವಾದರೆ ಉರಿ ನಿಂತರೂ ಅಂಚಿನ ಕೆಂಡ ಹರಿಯುತ್ತಿತ್ತು. ನವಸಾಗರ ಕೂಡಿಸಿದ ಮೇಲೆ ಅದೂ ಆರಿತು. ಒಂದು ಕೊಡ ಬಿಸಿನೀರಿಗೆ ಒಂದೂವರೆ ಸೇರು ಬಿಳಿಗಾರ, ಅರ್ಧ ಸೇರು ನವಸಾಗರ. ಕುದಿಯುವಾಗ ಕಣ್ಣು ಉರಿಸುವ ವಾಸನೆ. ಅಂಗಡಿಯವ್ವ ಚಿಂದಿ ಅರಿಬಿ ಕುದಿಸಿ ಉಣ್ಣುತ್ತಾಳೆಂದು ನೆರೆಮನೆಯ ಮರೆವ್ವ ಊರೆಲ್ಲ ಹೇಳಿದ್ದಳು.

ಮುದಕಪ್ಪನ ಎದುರಿಗೇ ಅದ್ದಿದ ಒಂದು ಚಿಂದಿಯನ್ನು ದೀಪಕ್ಕೆ ಹಿಡಿದು ತೋರಿಸಿದಳು. ಅವನು ತಂಬನ್ನೇ ಹೊತ್ತು ತಂದ. ನಾಲ್ಕು ದಿನ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ ಕೊಟ್ಟಳು. ಮಳೆಗೆ ಸಿಕ್ಕರೆ ಮತ್ತೆ ತರಬೇಕು, ಇಬ್ಬನಿಗೆ ಹಾಸಬಾರದು ಎಂದಳು. ಅವನು ಎರಡನ್ನೂ ಪಾಲಿಸಿದ.

ಸವದತ್ತಿಯ ಮುಕ್ಕಾಮಿನಲ್ಲಿ ಕಂಪನಿಯ ಹಳೆಯ ನಟ ಕಾಡಪ್ಪ ತಂಬಿನೊಳಗೇ ತೀರಿಕೊಂಡ. ಹನ್ನೊಂದನೆಯ ದಿನ ಸೂತಕ ಕಳೆಯಲೆಂದು ಹಾಸಿಗೆ, ಪರದೆ, ತಂಬು ಎಲ್ಲವನ್ನೂ ಹೊಳೆಗೆ ಒಯ್ದು ತೊಳೆದರು. ಮುದಕಪ್ಪನೇ ಮುಂದೆ ನಿಂತು ಕಲ್ಲಿಗೆ ಬಡಿಸಿದ.

ತಿಂಗಳ ನಂತರ ಕಿತ್ತೂರಿನಲ್ಲಿ ಆಟ. ತಂಗಿಯ ಮನೆಗೆ ಬಂದಿದ್ದ ಗುರುಬಸವ್ವ ಸಂಜೆ ದೀಪ ಹಚ್ಚುವ ಮೊದಲೇ ತಂಬಿಗೆ ಬಂದಳು. ಬಟ್ಟೆ ಮುಟ್ಟಿದಳು. ಅದ್ದಿದ ಬಟ್ಟೆಯ ಬಿರುಸು ಇರದೆ ಮೆತ್ತಗಿತ್ತು. ಅಂಚಿನಿಂದ ಒಂದು ಎಳೆ ಕತ್ತರಿಸಿ ಕಡ್ಡಿ ಗೀರಿದಳು. ಅದು ಬೆರಳತನಕ ಭಗ್ಗನೆ ಉರಿಯಿತು.

ಹೊರಗೆ ಜನ ಸೇರುತ್ತಿದ್ದರು. ಇವಳ ನೀರು ಬರೀ ಸುಳ್ಳು ಎಂದು ಕಂಪನಿಯ ಮಾಲಕರು ಎಲ್ಲರೆದುರು ಅಂದರು. ಗುರುಬಸವ್ವ ಮುದಕಪ್ಪನ ಕಡೆ ತಿರುಗಿದಳು.

"ಮಳಿ ಬಂತೇನು?"

"ಇಲ್ಲರಿ ಅವ್ವಾರ."

"ಮತ್ತ?"

ಹೊಳೆಯ ನೀರೂ ಮಳೆಯಂತೆಯೇ ಬಿಳಿಗಾರ ತೊಳೆದಿತ್ತೆಂದು ಅವನಿಗೆ ಆಗ ಹೊಳೆಯಿತು. ತಲೆ ತಗ್ಗಿಸಿದ. ಸುಮ್ಮನಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ಅವಳ ಮಾತು ಸುಳ್ಳಾಗುತ್ತಿತ್ತು. "ಸೂತಕ ಆಗಿತ್ರಿ. ನಾನ ಹೊಳ್ಯಾಗ ಒಗಿಸಿದೆ" ಎಂದ.

ಅವಳು ಬೆರಳಿನ ಮಸಿ ಸೆರಗಿಗೆ ಒರೆಸಿಕೊಂಡಳು. "ನಮ್ಮ ಲಿಂಗವಂತರ ಮನ್ಯಾಗ ಸೂತಕ ಹಿಡಿಯೂದಿಲ್ಲಪಾ. ಹಿಂಗೂ ತೊಳಿತಾರ ಅಂತ ನನಗ ಹೊಳೀಲಿಲ್ಲ. ನಂದೂ ತಪ್ಪ ಐತಿ."

ಮಾಲಕರು ಗೊಣಗಿದರೂ ಮುದಕಪ್ಪ ಹಗ್ಗ ಬಿಚ್ಚಿ ಬಟ್ಟೆ ಇಳಿಸಿದ. ಅಂದಿನ ಆಟ ಬಯಲಿನಲ್ಲೇ ಆಯಿತು. ಚಳಿಗೆ ಜನ ಕಂಬಳಿ ಹೊದ್ದು ಕೂತು ನೋಡಿದರು. ಮರುದಿನ ತಂಬು ಚಕ್ಕಡಿ ಏರಿ ಬೈಲಹೊಂಗಲಕ್ಕೆ ಹೋಯಿತು.

ಗುರುಬಸವ್ವ ಆಮೇಲೂ ಅದೇ ಅಂಗಡಿಯಲ್ಲಿ ಕೂರುತ್ತಿದ್ದಳು. ತಂಬು ತಂದವರಿಗೆ ಮಳೆ, ಇಬ್ಬನಿಯ ಜೊತೆಗೆ ಸೂತಕವನ್ನೂ ಕೇಳುತ್ತಿದ್ದಳು. ವರ್ಷಕ್ಕೆ ಎರಡು ಸಲ ಮುದಕಪ್ಪನ ತಂಬನ್ನು ಅದ್ದಿ ಕೊಡುತ್ತಿದ್ದಳು.